ನಗು ಡಾಕ್ಟರಿಗೆ ಬೇರೆ ಡಬ್ಬಿ

ಭಾನುವಾರ, ಬೆಳಿಗ್ಗೆ

ಮಾನ್ಯ ನಗು ಡಾಕ್ಟರ್ ಸಾಹೇಬರ ಸನ್ನಿಧಿಗೆ,

ಹೀಗೆ ಶುರು ಮಾಡಿದರೆ ನಿನಗೆ ಖುಷಿಯಾಗುತ್ತೆ ಅಂತ ಗೊತ್ತು. ಖುಷಿಪಟ್ಟಾಯ್ತಲ್ಲ? ಇನ್ನು ಸಾಕು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಪ್ಲಾಸ್ಟರಿನ ದವಡೆ ಕೆತ್ತುವಾಗ ನಿನ್ನನ್ನು ನೀನು ಅಂತಿದ್ದೆ, ಮದುವೆಯಾದ ಮೇಲೂ ನೀನು ಅಂದೆ. ಈಗ ಮಾತ್ರ ಯಾಕೆ ಬಹುವಚನ?

ಹೇಗಿದ್ದೀಯ ಅಂತ ಕೇಳಲ್ಲ, ಯಾಕೆಂದರೆ ಗೊತ್ತಿದೆ. ಮನೆಯೊಳಗೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದೀಯಂತೆ. ಕೇಳಿದವರಿಗೆ ಶೀತ ಅಂತಿದ್ದೀಯಂತೆ. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಗೋಡೆ ಕಡೆ ತಿರುಗಿ ತಿನ್ನುತ್ತಿದ್ದೀಯಂತೆ. ಹೋದ ವಾರ ನಿನ್ನ ಹೊಸ ಕ್ಲಿನಿಕ್ಕಿನ ಸಮಾರಂಭದಲ್ಲಿ ಆದದ್ದು ಏನೋ ಆಕಸ್ಮಿಕ, ಗ್ರಹಚಾರ ಅಂತ ನೀನು ಸಮಾಧಾನ ಮಾಡಿಕೊಂಡಿದ್ದರೆ, ಆ ಸಮಾಧಾನ ಕೆಡಿಸೋದಕ್ಕೇ ಈ ಕಾಗದ. ಅದು ಆಕಸ್ಮಿಕ ಅಲ್ಲ. ನಾನೇ ಮಾಡಿದ್ದು. ಪುರುಸೊತ್ತು ಮಾಡಿಕೊಂಡು, ಆಸೆಪಟ್ಟು ಮಾಡಿದ್ದು.

ಅಪ್ಪ ಹಾಸಿಗೆ ಹಿಡಿದಾಗ ನಾನು ಹೊರಟು ನಿಂತಿದ್ದು ನೆನಪಿದೆಯಾ? ಎಷ್ಟು ದಿನ ಬೇಕೋ ಅಷ್ಟು ದಿನ ಇರು, ಕ್ಲಿನಿಕ್ ನಾನು ನೋಡಿಕೊಳ್ಳುತ್ತೇನೆ ಅಂತ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ. ಎಷ್ಟು ಚೆನ್ನಾಗಿ ನೋಡಿಕೊಂಡೆಯಪ್ಪ! ಅಪ್ಪನನ್ನು ಕಳಿಸಿಕೊಟ್ಟು ವಾಪಸ್ಸು ಬಂದರೆ ಬಾಗಿಲ ಮೇಲಿದ್ದ ನನ್ನ ಹೆಸರಿನ ಜಾಗದಲ್ಲಿ ತಿರುಪಿನ ತೂತುಗಳು ಮಾತ್ರ ಇದ್ದವು. ನನ್ನ ಕುರ್ಚಿಯನ್ನು ಕಿಟಕಿ ಪಕ್ಕದಿಂದ ಎತ್ತಿಸಿ ಸಾಮಾನಿನ ಕೋಣೆಗೆ ಹಾಕಿಸಿದ್ದೆ. ಯಾಕೆ ಅಂತ ಕೇಳಿದ್ದಕ್ಕೆ ಜಾಹೀರಾತಿನವರು ಒಂದೇ ಮುಖ ಸಾಕು ಅಂದರು ಅಂದೆ. ಇಬ್ಬರ ಮುಖ ಇದ್ದರೆ ಜನಕ್ಕೆ ಗೊಂದಲವಾಗುತ್ತಂತೆ. ಆಮೇಲೆ ಮನೆಯ ಬಾಗಿಲೂ ನನಗೆ ಮುಚ್ಚಿತು.

ಅಷ್ಟಕ್ಕೇ ಬಿಟ್ಟಿದ್ದರೆ ಜಗಳ ಆಡಿ, ಅತ್ತು, ಬೇರೆ ಕಡೆ ಬಾಗಿಲು ತೆಗೆದು ಸುಮ್ಮನಾಗುತ್ತಿದ್ದೆ. ಆದರೆ ಒಂದು ಸಂಜೆ ಬೇಕರಿಗೆ ಹೋಗಿದ್ದೆ. ನಮ್ಮ ಹಳೇ ಪೇಷೆಂಟು ಬೇಕರಿಯವನು ಬ್ರೆಡ್ಡನ್ನು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಡಲಿಲ್ಲ. ತಾನೇ ಹಿಡಿದುಕೊಂಡು, ಸ್ಕೂಟರ್ ತನಕ ತಂದುಕೊಡ್ತೀನಿ ಡಾಕ್ಟರಮ್ಮ, ನೀವು ಆಯಾಸ ಮಾಡ್ಕೋಬೇಡಿ ಅಂದ. ನನಗೇನಾಗಿದೆ ಅಂದೆ. ಅವನು ಸಂಕೋಚದಿಂದ ದನಿ ತಗ್ಗಿಸಿ ಹೇಳಿದ: "ಕೈ ನಡುಗೋದು ಕಡಿಮೆ ಆಯ್ತಾ ಅಮ್ಮ? ಸಾಹೇಬರು ಹೇಳಿ ಬೇಜಾರು ಮಾಡ್ಕೊಂಡ್ರು."

ಒಂದು ಬ್ರೆಡ್ಡು. ಅದನ್ನೂ ಎತ್ತಲಾರದವಳು ಅಂತ ಮಾಡಿಟ್ಟಿದ್ದೆ ನನ್ನನ್ನು. ಹಲ್ಲಿನ ಡಾಕ್ಟರ ಕೈ ನಡುಗುತ್ತೆ ಅಂತ ಊರಿಗೆಲ್ಲ ಹೇಳೋದೂ ಒಂದೇ, ಆ ಕೈ ಕಡಿದು ಹಾಕೋದೂ ಒಂದೇ. ಅದು ನಿನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, ಅದೂ ಕನಿಕರದ ಮುಖ ಹಾಕಿಕೊಂಡು.

ಅವತ್ತು ಸ್ಕೂಟರಿನಲ್ಲಿ ಬರುವಾಗ ವೃತ್ತದಲ್ಲಿ ನಿನ್ನ ಬೋರ್ಡು ನೋಡಿದೆ. ಎರಡು ಮಹಡಿ ಎತ್ತರದ ನಿನ್ನ ನಗು. ಕೆಳಗೆ ದಪ್ಪ ಅಕ್ಷರದಲ್ಲಿ, 'ಹುಟ್ಟಿನಿಂದ ಬಂದ ನಗು. ನಿಮಗೂ ಇರಲಿ.' ನಾನು ಸಿಗ್ನಲ್ ಹಸಿರಾದರೂ ನಿಂತೇ ಇದ್ದೆ. ಹಿಂದಿನವರು ಹಾರನ್ ಹೊಡೆದು ಬೈದರು.

ಹುಟ್ಟಿನಿಂದ ಬಂದ ನಗುವಂತೆ! ಮದುವೆಯಾದ ವರ್ಷ ಬಚ್ಚಲುಮನೆಯಲ್ಲಿ ಜಾರಿ, ನಲ್ಲಿಗೆ ಮುಖ ಬಡಿಸಿಕೊಂಡು, ಮುಂದಿನ ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡು ಮಗುವಿನ ಹಾಗೆ ಅಳುತ್ತಾ ಬಂದವನು ಯಾರು? ಯಾರಿಗೂ ಹೇಳಬೇಡ ಕಣೇ ಅಂತ ನನ್ನ ಕೈ ಹಿಡಿದುಕೊಂಡವನು ಯಾರು? ಆ ಹಲ್ಲು ಕಟ್ಟಿದ್ದು ನಾನು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದುವ ತನಕ ಮತ್ತೆ ಮತ್ತೆ ಮಾಡಿಸಿ, ನಿನ್ನ ಹೆತ್ತ ತಾಯಿಗೂ ಗೊತ್ತಾಗದ ಹಾಗೆ ಕೂರಿಸಿದ್ದೆ. ಅದು ಸಡಿಲವಾಗಿದೆ ಅಂತ, ಅಪ್ಪನ ಊರಿಗೆ ಹೊರಡುವ ಗಡಿಬಿಡಿಯಲ್ಲಿ ತಾತ್ಕಾಲಿಕ ಸಿಮೆಂಟಿನಲ್ಲಿ ಅಂಟಿಸಿ, ಬಂದ ಮೇಲೆ ಗಟ್ಟಿ ಮಾಡಿಕೊಡ್ತೀನಿ, ಅಲ್ಲಿ ತನಕ ಹುಷಾರು ಅಂದಿದ್ದೆ. ಬಂದ ಮೇಲೆ ನೀನು ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬೇರೆ ಡಾಕ್ಟರ ಹತ್ತಿರ ಹೋಗಿ ಬಾಯಿ ತೆಗೆದರೆ ಬೋರ್ಡಿನ ಮಾತು ಸುಳ್ಳಾಗುತ್ತೆ. ಆ ಬೋರ್ಡಿನಲ್ಲಿ ಹಲ್ಲು ಕೂದಲೆಳೆಯಷ್ಟು ತಿರುಗಿತ್ತು. ನೋಡಿದ ತಕ್ಷಣ ತಿಳಿಯಿತು. ಕನ್ನಡಿ ಮುಂದೆ ನಿಂತು ನೀನೇ ಅಂಟಿಸಿಕೊಂಡಿದ್ದೀಯ. ತಾತ್ಕಾಲಿಕದ ಮೇಲೆ ತಾತ್ಕಾಲಿಕ.

ನಾನು ಏನೂ ಮಾಡದೇ ಕಾದೆ. ದಾರಿ ತಾನಾಗಿ ಮನೆ ಬಾಗಿಲಿಗೆ ಬಂತು. ತಂದವಳು ನಿನ್ನ ತಂಗಿ.

ಸಮಾರಂಭದ ಊಟದ ಗುತ್ತಿಗೆ ನಿನ್ನ ತಂಗಿಯದೇ ಅಲ್ಲವಾ? ಅವಳ ಒಲೆಗಳೆಲ್ಲ ದೊಡ್ಡ ಅಡುಗೆಗೇ ಸಾಲುತ್ತಿರಲಿಲ್ಲ. ಫೋನ್ ಮಾಡಿ, ಅತ್ತಿಗೆ, ಸೂಪಿನ ಮೇಲೆ ಹಾಕೋ ಬ್ರೆಡ್ ತುಂಡು, ಅದೇ ಕ್ರೂಟಾನ್, ನೀವು ಮಾಡಿಕೊಡ್ತೀರಾ, ನಿಮ್ಮ ಏರ್ ಫ್ರೈಯರಿನಲ್ಲಿ ಎಷ್ಟು ಗರಿಗರಿಯಾಗಿ ಬರುತ್ತೆ, ಅಣ್ಣನಿಗೆ ನಾನು ಹೇಳಲ್ಲ ಅಂದಳು. ನಾನು ಒಂದು ಗುಟುಕು ನೀರು ಕುಡಿದು, ಅದಕ್ಕೇನಂತೆ, ಆಗಲಿ ಅಂದೆ. ಅವಳಿಗೆ ನಾದಿನಿ ಅನ್ನೋ ಹೆಸರಷ್ಟೇ, ನನಗೆ ಒಡಹುಟ್ಟಿದವಳ ಹಾಗೆ. ಆ ಮನೆ ನನಗೆ ಬಾಗಿಲು ಹಾಕಿದ ಮೇಲೂ ಬಂದು ಹೋಗಿ ಮಾಡಿದವಳು ಅವಳೊಬ್ಬಳೇ.

ಅತಿಥಿಗಳಿಗೆ ನಾನು ಮೋಸ ಮಾಡಲಿಲ್ಲ. ಹಿಂದಿನ ದಿನದ ಬ್ರೆಡ್ಡು ತಂದು ಹೆಬ್ಬೆರಳಿನ ಉಗುರಿನಷ್ಟು ಚೌಕ ಕತ್ತರಿಸಿದೆ. ಆಲಿವ್ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಕರಿಮೆಣಸಿನ ಪುಡಿ ಹಾಕಿ ಬೆರಳ ತುದಿಯಲ್ಲಿ ಕಲೆಸಿದೆ. ಏರ್ ಫ್ರೈಯರಿನ ಬುಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹರಡಿ, ನಡುವೆ ಒಮ್ಮೆ ಕುಲುಕಿ, ಹೊಂಬಣ್ಣ ಬರುತ್ತಿದ್ದ ಹಾಗೇ ತೆಗೆದು ತಟ್ಟೆಗೆ ಹರವಿ ಆರಿಸಿದೆ. ಬಾಯಿಗಿಟ್ಟರೆ ಕುರುಂ ಅಂದು ಕರಗಬೇಕು, ಹಾಗೆ. ಎರಡು ದೊಡ್ಡ ಡಬ್ಬಿ ತುಂಬಿತು.

ಆಮೇಲೆ ನಿನ್ನ ಪಾಲಿನದು. ಅದಕ್ಕೆ ಬೇಕರಿಯವನ ಹತ್ತಿರ ಇಟ್ಟಿಗೆಯಂಥ ಒರಟು ಕಂದು ಬ್ರೆಡ್ಡು ತಂದಿದ್ದೆ. ಅದರ ತುದಿಯ ಗಟ್ಟಿ ಭಾಗ ಮಾತ್ರ ಕೊಯ್ದೆ. ಎಣ್ಣೆ ಸೋಕಿಸಲಿಲ್ಲ. ಉರಿ ತೀರ ಕಡಿಮೆ ಇಟ್ಟು ಒಣಗಿಸಿದೆ, ಆರಿಸಿದೆ, ಮತ್ತೆ ಒಣಗಿಸಿದೆ. ಫ್ಯಾನಿನ ಗುಂಯ್ ಸದ್ದು ಕೇಳುತ್ತಾ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದೆ. ಸುಳ್ಳು ಯಾಕೆ ಹೇಳಲಿ, ಅಪ್ಪ ಹೋದ ಮೇಲೆ ಅಷ್ಟು ನೆಮ್ಮದಿಯ ಮಧ್ಯಾಹ್ನ ನನಗೆ ಸಿಕ್ಕಿರಲಿಲ್ಲ. ಕೊನೆಗೆ ಮೇಲೆ ತೆಳ್ಳಗೆ ಎಣ್ಣೆ, ಬೆಳ್ಳುಳ್ಳಿ ಸವರಿ ಬಣ್ಣ ಬರಿಸಿದೆ. ನೋಡೋಕೆ ಅಣ್ಣತಮ್ಮಂದಿರ ಹಾಗೇ ಕಾಣುತ್ತಿದ್ದವು. ತಟ್ಟೆಗೆ ಹಾಕಿದರೆ ಮಾತ್ರ ಜಲ್ಲಿಕಲ್ಲಿನ ಸದ್ದು.

ಅದನ್ನು ಸಣ್ಣ ಡಬ್ಬಿಗೆ ಹಾಕಿ ನಾದಿನಿಗೆ ಕೊಟ್ಟು, ಇದು ನಿಮ್ಮಣ್ಣನ ಬಟ್ಟಲಿಗೆ ಮಾತ್ರ, ಅವನಿಗೆ ಬೆಳ್ಳುಳ್ಳಿ ಜಾಸ್ತಿ ಇರಬೇಕು ಅಂದೆ. ಅವಳ ಕಣ್ಣು ತುಂಬಿ ಬಂತು. ಇಷ್ಟೆಲ್ಲ ಆದಮೇಲೂ ಅಣ್ಣನ ರುಚಿ ನೆನಪಿಟ್ಟುಕೊಂಡಿದ್ದೀರಲ್ಲ ಅತ್ತಿಗೆ ಅಂದಳು. ನೆನಪಿಟ್ಟುಕೊಂಡಿದ್ದೆ ಕಣೋ. ಸೂಪಿನಲ್ಲಿ ಕ್ರೂಟಾನ್ ನೆನೆಯೋದಕ್ಕೆ ಬಿಡದೇ, ಬಟ್ಟಲಿಂದ ಒಂದೊಂದೇ ಹೆಕ್ಕಿ, ಮುಂದಿನ ಹಲ್ಲಿನಲ್ಲಿ ಅಳಿಲಿನ ಹಾಗೆ ಕಡಿಯೋ ನಿನ್ನ ಅಭ್ಯಾಸ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೀಬೆಕಾಯಿ, ಜೋಳದ ತೆನೆ ಎಲ್ಲ ಬಿಟ್ಟಿದ್ದೀಯ ಅಂತ ನಾದಿನಿ ಹೇಳಿದ್ದಳು. ಆದರೆ ಕ್ರೂಟಾನಿಗೆ ಯಾರು ಹೆದರುತ್ತಾರೆ?

ಸಮಾರಂಭದ ಮಧ್ಯಾಹ್ನ, ನೆರವಿಗೆ ಬರ್ತೀನಿ ಅಂತ ನಾದಿನಿಯನ್ನು ಒಪ್ಪಿಸಿ, ಸಭಾಂಗಣದ ಅಡುಗೆಕೋಣೆಯಲ್ಲಿ ನಾನಿದ್ದೆ. ಬಡಿಸುವವರ ಏಪ್ರನ್ ಕಟ್ಟಿ, ತಲೆಗೆ ಟೋಪಿ ಹಾಕಿ, ಬಾಗಿಲಿನ ದುಂಡು ಗಾಜಿಗೆ ಮೂಗು ಒತ್ತಿ ನಿಂತಿದ್ದೆ. ನೀನು ಬೂದು ಸೂಟಿನಲ್ಲಿದ್ದೆ. ಬೆನ್ನ ಹಿಂದೆ ಗೋಡೆಯ ತುಂಬ ನಿನ್ನದೇ ನಗು. ಟೊಮೆಟೊ ಸೂಪು ಬಂತು. ಮೊದಲನೇ ತುಂಡು ಎತ್ತಿದೆ, ಪಕ್ಕದವರು ಏನೋ ಕೇಳಿದರು ಅಂತ ಕೆಳಗಿಟ್ಟೆ. ಮತ್ತೆ ಎತ್ತಿದೆ. ಕಡಿದೆ. ನಿನ್ನ ಹುಬ್ಬು ಗಂಟಾಯಿತು. ಸೋಲೊಪ್ಪುವವನೇ ನೀನು? ಇನ್ನೂ ಜೋರಾಗಿ ಕಡಿದೆ.

ಅಷ್ಟು ದೂರಕ್ಕೆ ಸದ್ದು ಕೇಳಿಸಲಿಲ್ಲ. ಆದರೆ ಸೂಪಿನ ಹನಿ ನಿನ್ನ ಬಿಳಿ ಅಂಗಿಗೆ ಸಿಡಿದದ್ದು ಕಂಡಿತು. ನೀನು ಬಟ್ಟಲೊಳಗೆ ಚಮಚ ಆಡಿಸುತ್ತಾ ಹುಡುಕುತ್ತಿರುವಾಗಲೇ ಮೈಕಿನವರು ನಿನ್ನ ಹೆಸರು ಕರೆದರು. ಜನ ಚಪ್ಪಾಳೆ ತಟ್ಟಿದರು. ಎದ್ದೆ, ಪಾಪ, ತುಟಿ ಬಿಗಿದುಕೊಂಡು. ಫೋಟೋದವನು ಮಂಡಿಯೂರಿ ಕೂತು, "ಡಾಕ್ಟ್ರೇ, ಬೋರ್ಡಲ್ಲಿರೋ ಹಾಗೇ ಒಂದು ನಗು ಬರ್ಲಿ!" ಅಂದ. ನೀನು ಕೈ ಅಡ್ಡ ಹಿಡಿದು ಸ್ನೇಹಿತರೇ ಅಂತ ಶುರು ಮಾಡಿದೆ. ಮಾತಿನ ಬದಲು ಗಾಳಿ ಬಂತು. ಮೈಕು ಅದನ್ನು ಸೀಟಿ ಮಾಡಿ ಎಲ್ಲರಿಗೂ ಹಂಚಿತು. ಮುಂದಿನ ಸಾಲಿನ ಊರುಗೋಲಿನ ಅಜ್ಜಿ, ನನ್ನಿಂದ ಕೆಳದವಡೆ ಪೂರ್ತಿ ಕಟ್ಟಿಸಿಕೊಂಡವರು, ಕಿವಿ ಮಂದವಾದ್ದರಿಂದ ಮಾತೆಲ್ಲ ಜೋರು, "ಅಯ್ಯೋ ಶಿವನೇ, ಇವರದ್ದೂ ಕಟ್ಟಿಸಿದ್ದೇನಾ!" ಅಂದುಬಿಟ್ಟರು.

ಮೊದಲು ಒಬ್ಬರು ನಕ್ಕರು. ಆಮೇಲೆ ಒಂದು ಮೇಜು. ಆಮೇಲೆ ಇಡೀ ಸಭಾಂಗಣ. ಎಲ್ಲರ ಹಲ್ಲೂ ಕಾಣುತ್ತಿತ್ತು, ನಿನ್ನದೊಂದು ಬಿಟ್ಟು. ನಾನು ನಗಲಿಲ್ಲ. ಒಂದು ಕ್ಷಣವೂ ತಪ್ಪಿಹೋಗಬಾರದು ಅಂತ ಕಣ್ಣು ಮಿಟುಕಿಸದೇ ನೋಡುತ್ತಾ ನಿಂತಿದ್ದೆ.

ನಿನ್ನ ಬಟ್ಟಲನ್ನು ಒಳಗೆ ತಂದವಳು ನಾದಿನಿ. ಸಿಂಕಿಗೆ ಬಗ್ಗಿಸಿದಾಗ ಹಲ್ಲು ಜಾಲರಿಯ ಮೇಲೆ ನಿಂತಿತು. ಅವಳು ಅದನ್ನು ನೋಡಿದಳು, ಪಕ್ಕದಲ್ಲಿ ಉಳಿದಿದ್ದ ತುಂಡನ್ನು ಮೇಜಿಗೆ ತಟ್ಟಿ ನೋಡಿದಳು. ಟಕ್ ಅಂತು. ಆಮೇಲೆ ನನ್ನ ಕಡೆ ತಿರುಗಿದಳು.

"ಗೊತ್ತಿದ್ದೇ ಮಾಡಿದ್ರಾ ಅತ್ತಿಗೆ?"

ಹೌದು ಅಂದೆ.

"ನಿಮ್ಮ ಸಿಟ್ಟು ನಿಮ್ಮದು. ಅವನು ಮಾಡಿದ್ದು ಸರಿ ಅಂತ ನಾನು ಯಾವತ್ತೂ ಅಂದಿಲ್ಲ. ಆದ್ರೆ ನನ್ನ ಕೈಯಲ್ಲಿ ಯಾಕೆ ಕೊಡಿಸಿದ್ರಿ?"

ಅವಳು ಸಣ್ಣ ಡಬ್ಬಿಯನ್ನು ಕಸಕ್ಕೆ ಸುರಿದು, ತೊಳೆದು, ಒರೆಸಿ, ನನ್ನ ಮುಂದಿಟ್ಟಳು. ಆಮೇಲೆ ಹೊರಗೆ ಹೋಗಿ ಪಲ್ಯದ ಪಾತ್ರೆ ಎತ್ತಿಕೊಂಡಳು. ಅಂದಿನಿಂದ ಫೋನ್ ಎತ್ತುತ್ತಿಲ್ಲ. ಅಷ್ಟಾದರೂ ಆ ಊರುಗೋಲಿನ ಅಜ್ಜಿ, ಡಾಕ್ಟರ ಹಲ್ಲನ್ನು ಅಷ್ಟು ಚೆನ್ನಾಗಿ ಕಟ್ಟಿಕೊಟ್ಟವರು ಯಾರಮ್ಮ ಅಂತ ಕೇಳಿದಾಗ, ಮುಚ್ಚಿಡದೇ ನಮ್ಮ ಅತ್ತಿಗೆ ಅಂದಳಂತೆ. ಅಜ್ಜಿಯೇ ಬಂದು ಹೇಳಿದರು. ಅವರು ಬಂದರು, ಅವರ ಹಿಂದೆ ಬೇಕರಿಯವನು ಬಂದ, ಹೆಂಡತಿಯನ್ನೂ ಕರೆದುಕೊಂಡು ಬಂದ. ಔಷಧಿ ಅಂಗಡಿಯ ಮೇಲೆ ನಾನು ಬೇರೆ ಬಾಗಿಲು ತೆಗೆದ ಪುಟ್ಟ ಕೋಣೆ ಸಾಲದೇ ಈಗ ಮೆಟ್ಟಿಲ ಮೇಲೂ ಜನ ಕೂರುತ್ತಾರೆ. ವೃತ್ತದಲ್ಲಿ ನಿನ್ನ ಬೋರ್ಡು ಇಳಿಸುತ್ತಿದ್ದರು, ನಿನ್ನೆ ನೋಡಿದೆ. ಮೊದಲು ಗದ್ದ ಬಂತು.

ಸಿಂಕಿನ ಜಾಲರಿಯಿಂದ ಎತ್ತಿಕೊಂಡ ನಿನ್ನ ಹಲ್ಲು ನನ್ನ ಹತ್ತಿರ ಭದ್ರವಾಗಿದೆ. ಒಡೆದಿಲ್ಲ, ಬಿರುಕೂ ಇಲ್ಲ. ನನ್ನ ಕೆಲಸ ಅದು. ಬೇಕಾದರೆ ಬಾ. ಹಿಂಬಾಗಿಲಿಲ್ಲ, ಮೆಟ್ಟಿಲ ಮೇಲೆ ಎಲ್ಲರ ಜೊತೆ ಕೂತು ಕಾಯಬೇಕು. ಒಳಗೆ ಬರುವ ಮುಂಚೆ ಅಲ್ಲಿ ಕೂತವರಿಗೆಲ್ಲ, ನನ್ನ ವಿಷಯದಲ್ಲಿ ನೀನು ಹೇಳಿದ್ದು ಹಸಿ ಸುಳ್ಳು ಅಂತ ಬಾಯಿಬಿಟ್ಟು ಹೇಳಬೇಕು, ಮಾಸ್ಕ್ ತೆಗೆದು. ಆಮೇಲೆ ನನ್ನ ಕುರ್ಚಿಯಲ್ಲಿ ಮಲಗು. ನಿನ್ನ ಬಾಯಿ ತೆರೆದಿರುವಷ್ಟು ಹೊತ್ತೂ ನಾನು ಮಾತಾಡುತ್ತೇನೆ. ನಿನಗೆ ಎದುರು ಮಾತಾಡೋಕೆ ಆಗಲ್ಲ. ಅದನ್ನು ನೆನೆಸಿಕೊಂಡರೇ ನನಗೆ ಹಬ್ಬದ ಹಾಗಿದೆ.

ಬರದಿದ್ದರೂ ನಷ್ಟವಿಲ್ಲ. ಹಾಲು, ಬ್ರೆಡ್ಡು ಎರಡೂ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿವೆ.

ಇಂತಿ,
ನಿನ್ನ ಬೋರ್ಡಿನಲ್ಲಿ ಜಾಗ ಸಾಲದೇ ಹೋದ
ಇನ್ನೊಬ್ಬ ಡಾಕ್ಟರು

ತಾ.ಕ.: ನಿನ್ನ ಪಾಲಿನ ತುಂಡು ಸಾಕಷ್ಟು ಗಟ್ಟಿಯಾಗಿದೆಯೋ ಇಲ್ಲವೋ ಅಂತ ನಾನೇ ಒಂದು ಕಡಿದು ನೋಡಿದ್ದೆ. ಬಲಗಡೆಯ ದವಡೆ ಹಲ್ಲು ಸೀಳಿಹೋಯಿತು. ನೋವು ತಡೆಯಲಾರದೆ ಸೇತುವೆ ಆಚೆಯ ಮುದಿ ಡಾಕ್ಟರ ಹತ್ತಿರ ಹೋದೆ. ಅವರು ಕನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಹಲ್ಲು ಹೋಯಿತಮ್ಮ, ಆದರೆ ಇದರಲ್ಲಿ ತುಂಬಿಸಿರೋದು ಕದಲಿಲ್ಲ ನೋಡಿ, ಇಷ್ಟು ಅಕ್ಕರೆಯಿಂದ ಮಾಡಿದ ಕೆಲಸ ನಾನು ಕಂಡಿಲ್ಲ ಅಂದರು. ನೀನು ಮಾಡಿದ್ದು ಅದು, ಪರೀಕ್ಷೆಗೆ ಮುಂಚೆ, ಕಾಲೇಜಿನಲ್ಲಿ, ನಿನ್ನ ಕೈಯ ಮೊಟ್ಟಮೊದಲನೆಯದು. ಯಾರು ಮಾಡಿದ್ದಮ್ಮ ಅಂತ ಕೇಳಿದರು. ನೆನಪಿಲ್ಲ ಅಂದೆ.