ಎರಡನೇ ಚರಣದಲ್ಲಿ ನಿನ್ನ ಸ್ವರ

ಅಪ್ಪಯ್ಯಾ,

ಇದನ್ನು ಓದಿ ಬೈಯುವುದಕ್ಕೆ ನೀನಿಲ್ಲ, ಹಾಗಾಗಿ ಧೈರ್ಯವಾಗಿಯೇ ಬರೆಯುತ್ತಿದ್ದೇನೆ.

ಇವತ್ತು ಹಂಗಾರಕಟ್ಟೆಯಲ್ಲಿ ನಮ್ಮ ಹೊಸ ದೋಣಿಯನ್ನು ನೀರಿಗಿಳಿಸಿದೆವು. ಭಜನೆ ಹಾಕಿಸು ಎಂದು ಹಿರಿಯರೆಲ್ಲ ಹೇಳಿದರು. ಮೈಕಿನವನ ಕೈಗೆ ನಾನು ಕೊಟ್ಟದ್ದು ನನ್ನ ಹಳೆಯ ಕ್ಯಾಸೆಟ್. ನೀನು ಕೇಳಿದರೇ ಉರಿದುಬೀಳುತ್ತಿದ್ದ ಆ ಸಿನಿಮಾ ಹಾಡು! ದೋಣಿ ಕಟ್ಟಿಸಿದವಳು ನಾನು, ಹಾಡೂ ನನ್ನದೇ ಆಗಬೇಕು.

ಗಂಡಸರು ತಾಳಕ್ಕೆ ಸರಿಯಾಗಿ ಹಗ್ಗ ಎಳೆಯುತ್ತಿದ್ದರು. ಎರಡನೇ ಚರಣದ ನಡುವೆ ನಿನ್ನ ಸ್ವರ ಬಂತು: "ಸಾಕ್, ನಿಲ್ಸ್ ಅದನ್ನ!" ಅವತ್ತು ಟೇಪ್ ಬಂದ್ ಮಾಡಲು ಬಂದವನು ಸಿಟ್ಟಿನಲ್ಲಿ ರೆಕಾರ್ಡಿನ ಗುಂಡಿ ಒತ್ತಿದ್ದೆಯಲ್ಲ, ಅದೇ. ಎಲ್ಲರೂ ಹಗ್ಗ ಬಿಟ್ಟು ನಿಂತರು. ನಿನ್ನ ಜೊತೆ ಬಲೆ ಎಳೆಯುತ್ತಿದ್ದ ಮುತ್ತಣ್ಣ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಎಂತಕ್ಕೆ ನಿಂತ್ರಿ? ಹಾಡ್ ಇನ್ನೂ ಮುಗೀಲಿಲ್ಲ, ಹಗ್ಗ ಹಿಡ್ಕಣಿ!" ಎಂದು ಕೂಗಿದೆ.

ದೋಣಿ ನನ್ನ ಹಾಡಿಗೇ ನೀರಿಗಿಳಿಯಿತು.

ಪಾಪ, ನನ್ನ ಕ್ಯಾಸೆಟ್ ಹಾಳಾಗಿದೆ ಎಂದುಕೊಂಡು ಮೈಕಿನವ ಸಂಜೆ ಅದೇ ಹಾಡಿನ ಸಿ.ಡಿ. ತಂದುಕೊಟ್ಟ. ಹಾಕಿ ಕೇಳಿದೆ. ಎರಡನೇ ಚರಣ ಎಲ್ಲೂ ನಿಲ್ಲದೆ ಸರಾಗವಾಗಿ ಮುಗಿದುಹೋಯಿತು.

ಇದು ನನ್ನ ಹಾಡಲ್ಲ ಎಂದು ವಾಪಸು ಕೊಟ್ಟೆ.