ಬೀಳದ ಮಗುವಿಗೆ ಮಾತ್ರೆ ಇಲ್ಲವಂತೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಎಂಟು ವರ್ಷದ ಮಗಳು ಮುನಿರತ್ನ ಶಿಸ್ತಾಗಿ ನೆಲಕ್ಕೆ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ತರಿಸುವವರೆಗೆ ಅವಳಿಗೆ ಮೂರ್ಛೆರೋಗದ ಮಾತ್ರೆ ಕೊಡಕೂಡದೆಂದು ತಾವು ಅಪ್ಪಣೆ ಮಾಡಿದ್ದೀರಿ. ಅವಳು ಬೀಳುವುದಿಲ್ಲ. ಈ ಅವಿಧೇಯತೆಗೆ ತಂದೆಯಾಗಿ ಕ್ಷಮೆ ಕೇಳುತ್ತೇನೆ.

ಅವಳದು ಬೇರೆ ಬಗೆ. ಮಾತಿನ ನಡುವೆ ತಟಕ್ಕನೆ ನಿಂತುಬಿಡುತ್ತಾಳೆ. ಕಣ್ಣು ತೆರೆದೇ ಇರುತ್ತದೆ, ರೆಪ್ಪೆ ಮಾತ್ರ ಪಟಪಟ ಬಡಿಯುತ್ತದೆ. ಹತ್ತು ಎಣಿಸುವಷ್ಟರಲ್ಲಿ ಏನೂ ಆಗದವಳಂತೆ ಬಿಟ್ಟ ಮಾತನ್ನು ಮುಂದುವರಿಸುತ್ತಾಳೆ. ದಿನಕ್ಕೆ ಇಪ್ಪತ್ತು ಸಲ. ಮೇಷ್ಟ್ರು ಇದನ್ನು ಸೊಕ್ಕು ಎಂದು ಬೆತ್ತ ಹಿಡಿದರು. ಬೆಂಗಳೂರಿನ ದೊಡ್ಡ ಡಾಕ್ಟರು ಇದೂ ಮೂರ್ಛೆರೋಗದ ಒಂದು ಬಗೆಯೇ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯ ಮೇಲೆ ತಾವು ಕೆಂಪು ಶಾಯಿಯಲ್ಲಿ ಬರೆದಿರಿ: 'ಬೀಳುವುದನ್ನು ಕಾಂಪೌಂಡರು ಕಣ್ಣಾರೆ ಕಂಡು ದೃಢೀಕರಿಸತಕ್ಕದ್ದು.'

ಕಾಣಿಸೋಣ ಎಂದೇ ಹೋದೆವು. ಒಲೆ ಊದುವಾಗ ಅವಳಿಗೆ ಇದು ಬರುವುದೆಂದು ನನ್ನ ತಾಯಿ ಅಮ್ಮಯಮ್ಮ ಕಂಡುಕೊಂಡಿದ್ದಳು. ಹಾಗಾಗಿ ಊದುಕೊಳವೆ ಸಮೇತ ನಿಮ್ಮ ಡಿಸ್ಪೆನ್ಸರಿಗೆ ಬಂದೆವು. ಮಗು ಎರಡು ನಿಮಿಷ ಊದಿತು, ನಿಂತಿತು, ಶೂನ್ಯವನ್ನು ದಿಟ್ಟಿಸಿತು.

"ಇದೇ ಕಣಪ್ಪಾ, ನೋಡ್ಕೋ," ಎಂದಳು ನನ್ನ ತಾಯಿ.

"ಸುಸ್ತಾಗಿ ನಿಂತವ್ಳೆ ಕಣಜ್ಜಿ. ಊದಿದ್ರೆ ಯಾರ್ಗಾದ್ರೂ ಹಂಗೇ ಆಯ್ತದೆ. ಕೊಡಿಲ್ಲಿ," ಎಂದು ಕಾಂಪೌಂಡರು ನರಸಿಂಹಯ್ಯನವರು ತಾವೇ ಊದತೊಡಗಿದರು.

ಸರ್ಕಾರಿ ಕೆಲಸದಲ್ಲಿ ಅಂಥ ಉತ್ಸಾಹವನ್ನು ನಾನು ಕಂಡಿರಲಿಲ್ಲ. ತಲೆ ತಿರುಗಿ ಬೆಂಚಿನಿಂದ ದೊಪ್ಪನೆ ಬಿದ್ದರು. ನಮ್ಮ ಕಡೆ ಮೂರ್ಛೆ ಬಿದ್ದವರ ಕೈಗೆ ಕಬ್ಬಿಣ ಕೊಡುವುದು ವಾಡಿಕೆ. ನನ್ನ ತಾಯಿ ಮೇಜಿನ ಮೇಲಿದ್ದ ನಿಮ್ಮ ಔಷಧಿ ಬೀರುವಿನ ಬೀಗದ ಕೈಯನ್ನೇ ಅವರ ಅಂಗೈಗೆ ಒತ್ತಿ, "ಬಿಡಬ್ಯಾಡ, ಗಟ್ಟಿಯಾಗಿ ಹಿಡ್ಕೊಳಪ್ಪ," ಎಂದಳು. ಮುನಿರತ್ನ ನೀರು ತಂದು ಕುಡಿಸಿದಳು. ನಿಮ್ಮ ನಿಯಮದಂತೆ ಅಂದು ಆ ಕೋಣೆಯಲ್ಲಿದ್ದ ಏಕೈಕ ರೋಗಿ ನರಸಿಂಹಯ್ಯನವರೇ. ಅವರಿಗಾದರೂ ಮಾತ್ರೆ ಮಂಜೂರಾಯಿತೆ? ನಮಗಂತೂ 'ರೋಗಲಕ್ಷಣ ಕಂಡುಬರಲಿಲ್ಲ' ಎಂಬ ಷರಾ ಸಿಕ್ಕಿತು.

ಇಷ್ಟು ಹೊತ್ತು ನಗುತ್ತಲೇ ಬರೆದೆ, ಇನ್ನು ಆಗದು. ನಮ್ಮೂರಿನದು ಮೆಟ್ಟಿಲು ಬಾವಿ. ಗೆಳತಿಯರು ಬಿಂದಿಗೆ ಹಿಡಿದು ಇಳಿದರೆ ಅವಳೂ ಇಳಿಯುತ್ತಾಳೆ, ತಡೆದರೆ ಅಳುತ್ತಾಳೆ. ಅಲ್ಲಿ ಹತ್ತು ಎಣಿಸುವಷ್ಟು ಹೊತ್ತು ಮೈಮರೆತರೆ ಸಾಕು, ತಾವು ಬಯಸಿದಂತೆಯೇ ಬೀಳುತ್ತಾಳೆ. ಆಗ ದೃಢೀಕರಿಸಲು ಯಾವ ಕಾಂಪೌಂಡರೂ ಬೇಕಾಗುವುದಿಲ್ಲ. ನನಗೆ ಭಯವಾಗಿದೆ ಸ್ವಾಮಿ. ಅದಕ್ಕೆ ಮೊದಲು, ಈ ವಾರವೇ, ಮಾತ್ರೆ ಕೊಡಿಸಿ.

ಇಂತಿ,
ಮಗಳು ಬೀಳಲಿಲ್ಲವೆಂದು ಬೈಸಿಕೊಂಡ ತಂದೆ,
ಸಂಜೀವಪ್ಪ
ತೂಬಗೆರೆ ಹೋಬಳಿ, ೧೯೭೨