ಹೆಸರು ಗೊತ್ತಿಲ್ಲದವರ ಎಲೆ

ಪ್ರೀತಿಯ ತಾತ,

ಶಾಲೆಯ ಬಿಸಿಯೂಟದ ಪಾತ್ರೆಗಳನ್ನು ತೊಳೆದಿಟ್ಟು ಬರೆಯಲು ಕೂತಿದ್ದೇನೆ. ನಾನು ಮಾತಾಡುವುದೇ ಕಡಿಮೆ ಎಂದು ನಿನಗೆ ಗೊತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟರೂ ಬರೆಯುವುದನ್ನು ಬಿಡಲಿಲ್ಲ. ಬರೆದದ್ದನ್ನೆಲ್ಲ ನೀನು ಜಗಲಿಯಲ್ಲಿ ಕೂತು ಓದಿಸಿ ಕೇಳುತ್ತಿದ್ದೆಯಲ್ಲ, ಅದಕ್ಕೆ. ಈಗ ಯಾರಿಗೆ ಓದಲಿ?

ಗದ್ದೆಯ ಬದು ಕಡಿಯುವಾಗ ಕಬ್ಬಿಣದ ಗುಂಡು ಸಿಕ್ಕ ದಿನವನ್ನು ಎಷ್ಟು ಸಲ ಹೇಳಿದ್ದೀಯ! ಅಜ್ಜಿ ಅದನ್ನು ದೇವರೆಂದುಕೊಂಡು ಅರಿಸಿನ ಕುಂಕುಮ ಹಚ್ಚಿ ಹಾಲೆರೆದಳು. ನಮ್ಮೂರ ಕೋಟೆ ನೋಡಲು ಬಂದಿದ್ದ ಯಾರೋ, ಇದು ಇಂಗ್ಲಿಷರು ಕೋಟೆಗೆ ಮುತ್ತಿದ ಹಳೆಯ ಯುದ್ಧದ ಫಿರಂಗಿ ಗುಂಡು ಎಂದಾಗ ಹೌಹಾರಿದಳಂತೆ. “ಅಯ್ಯೋ, ಜನ ಕೊಂದಿದ್ದುಕ್ಕೆ ಹಾಲೆರೆದ್ನಲ್ಲಾ! ಮೊದ್ಲು ವೊಳೆಗೆ ಎಸ್ದ್ಬುಟ್ಟು ಬಾ.” ನೀನು ಎಸೆದು ಬಂದೆ. ಆದರೆ ಅಲ್ಲಿಗೆ ಮರೆಯಲಿಲ್ಲ. “ಗುಂಡು ಇಲ್ಲಿ ಬಿದ್ದದೆ ಅಂದ್ರೆ ಜನಾನೂ ಇಲ್ಲೇ ಬಿದ್ದವ್ರೆ. ಅವರ ಮ್ಯಾಲೆ ಬತ್ತ ಬೆಳ್ಕಂಡು ಉಣ್ತಾ ಇದೀವಲ್ಲ” ಎಂದೆ. ಆ ವರ್ಷದಿಂದ ಮಹಾಲಯ ಅಮಾವಾಸ್ಯೆಗೆ ನಮ್ಮ ಹಿರಿಯರ ಎಡೆಯ ಪಕ್ಕದಲ್ಲಿ ಅವರಿಗೂ ಒಂದು ಎಲೆ.

ಆ ಎಲೆಗೆ ಏನು ಬಡಿಸಬೇಕು ಎಂದು ನೀನೂ ಅಜ್ಜಿಯೂ ಜಗಳವಾಡುತ್ತಿದ್ದುದು ಕಣ್ಣ ಮುಂದೆಯೇ ಇದೆ. ಸತ್ತವರಿಗೆ ಇಷ್ಟವಾದದ್ದನ್ನು ಇಡುವುದು ರೂಢಿ. ಹೆಸರೇ ಗೊತ್ತಿಲ್ಲದವರ ಇಷ್ಟ ಯಾರಿಗೆ ಗೊತ್ತು? ನೀನು ಮುದ್ದೆ, ಬಾಡಿನ ಸಾರಿನ ಜೊತೆಗೆ ಗಂಜಾಂ ಬೇಕರಿಯ ಬನ್ನು ಇಡುತ್ತಿದ್ದೆ. “ಇಂಗ್ಲೀಸೋರ್ಗೆ ಮುದ್ದೆ ನುಂಗಕ್ಕಾಯ್ತದಾ? ಗಂಟ್ಲಿಗೆ ಸಿಕ್ಕಾಕ್ಕಂಡ್ರೆ?”

“ಕೋಟೆ ವೊಡಿಯಕ್ಕೆ ಬಂದೋರ್ಗೆ ಬನ್ನೊಂದ್ ಕೇಡು!” ಎಂದು ಅಜ್ಜಿ ರೇಗುತ್ತಿದ್ದಳು.

“ಅವ್ರೂ ಸಂಬಳಕ್ಕೇ ಬಂದಿದ್ದು ಕಣೆ. ಅವರವ್ವನೂ ದಾರಿ ನೋಡಿರ್ತಾಳೆ.”

ನೀನೂ ಅಜ್ಜಿಯೂ ಇಲ್ಲದ ಈ ವರ್ಷ ಆ ಎಲೆ ನಿಂತೇ ಹೋಗುವುದರಲ್ಲಿತ್ತು. “ಅಪ್ಪನ ಜೊತ್ಗೇ ಮುಗೀತು ಬುಡವ್ವ, ಯಾರೋ ಏನೋ” ಎಂದರು ಚಿಕ್ಕಪ್ಪ. ನಾನು ಎದುರು ಮಾತಾಡುವವಳೇ? ಒಳಗೊಳಗೇ ಸಂಕಟಪಟ್ಟೆ.

ಅಮಾವಾಸ್ಯೆಯ ಹಿಂದಿನ ದಿನ ಶಾಲೆಯಲ್ಲಿ ಬಿಸಿಯೂಟ ಬಡಿಸುತ್ತಿದ್ದೆ. ಮೇಡಂ ಆಗಷ್ಟೇ ಕೋಟೆ ಯುದ್ಧದ ಪಾಠ ಮುಗಿಸಿದ್ದರು. “ಇದ್ನೆಲ್ಲ ಯಾಕ್ಲಾ ಗ್ಯಾಪ್ಕ ಇಟ್ಕಬೇಕು?” ಎಂದ ಒಬ್ಬ ಹುಡುಗ. “ಪರೀಕ್ಸೇಲಿ ಬತ್ತದಲ್ಲ, ಅದ್ಕೆ ಕಣ್ಲಾ” ಎಂದ ಪಕ್ಕದವನು. ಸೌಟು ಹಿಡಿದಿದ್ದ ನನಗೆ ಅದೆಲ್ಲಿಂದ ಧೈರ್ಯ ಬಂತೋ ತಾತ, ನಿನ್ನ ಎಲೆಯ ಕತೆಯನ್ನೆಲ್ಲ ಹೇಳಿಬಿಟ್ಟೆ. ಬನ್ನಿನ ಮಾತಿಗೆ ಎಲ್ಲರೂ ನಕ್ಕರು. ಅವ್ವ ದಾರಿ ನೋಡಿರ್ತಾಳೆ ಎಂದಾಗ ಯಾರೂ ನಗಲಿಲ್ಲ.

ಪುಟ್ಟ ಹುಡುಗಿಯೊಬ್ಬಳು ಕೇಳಿದಳು: “ಅಕ್ಕಾ, ಮಗ ಸತ್ತೋದ ಅಂತ ಅವರವ್ವಂಗೆ ಯಾರೇಳಿದ್ರು?”

ಗೊತ್ತಿಲ್ಲ ಎಂದೆ.

“ಅಂಗಾರೆ ಕಾಯ್ತಾನೇ ಇದ್ಲಾ?”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೇಡಂ ಪಾಠ ಹೇಳಲಿಲ್ಲ. “ನಾಳೆ ಎಲೆ ಹಾಕ್ತೀಯೇನಮ್ಮ? ಮಕ್ಕಳನ್ನ ಕರ್ಕೊಂಡು ಬರ್ಲಾ?” ಎಂದರಷ್ಟೆ. ಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಹಾಕ್ತೀನಿ ಎಂದುಬಿಟ್ಟೆ.

ಸಂಜೆ ಚಿಕ್ಕಪ್ಪನ ಮುಂದೆ ನಿಂತು, “ಇಸ್ಕೂಲ್ ಮಕ್ಳಿಗೆ ಮಾತು ಕೊಟ್ಬುಟ್ಟಿವ್ನಿ” ಎಂದೆ. ಅವರು ಬೆರಗಾಗಿ, “ನಿಂಗೂ ಮಾತು ಬತ್ತದಾ?” ಎಂದು ನಕ್ಕು, ಬಾಳೆಲೆ ಕುಯ್ಯಲು ಹೊರಟರು. ಮಾತು ನನ್ನದಲ್ಲ ತಾತ, ನಿನ್ನದು. ನೀನು ನನ್ನ ಬಾಯಿಗೆ ಕೊಟ್ಟ ಆ ಮಾತಿಗಾಗಿ ನಿನಗೆ ಹೇಗೆ ಕೃತಜ್ಞತೆ ಹೇಳಲಿ?

ಮರುದಿನ ರಜೆ. ಮಕ್ಕಳು ನಮ್ಮ ಬಾಗಿಲಿಗೆ ಬಂದೇ ಬಿಟ್ಟರು. ಎಡೆ ಹಾಕುವ ಹೊತ್ತಿಗೆ ಆ ಪುಟ್ಟ ಹುಡುಗಿ, “ಕಾಯ್ತಿದ್ದ ಅವ್ವಂದಿರ್ಗೂ ಒಂದೆಲೆ ಹಾಕಕ್ಕ” ಎಂದಳು. ಯಾಕೆ ನಮಗಿದು ಇಷ್ಟು ವರ್ಷ ಹೊಳೆಯಲಿಲ್ಲ? ಅವಳೇ ನೀರು ಚಿಮುಕಿಸಿ ಎಲೆ ಹಾಸಿದಳು. ಏನು ಬಡಿಸೋಣ ಎಂದು ಕೇಳಿದೆ.

“ಅವ್ವ ಎಲ್ರೂ ಉಂಡ್ಮೇಲೆ ಮಿಕ್ಕಿದ್ದ ಉಣ್ತಾಳೆ. ಇವತ್ತು ಮೊದ್ಲು ಅವ್ಳಿಗೇ ಬಡ್ಸು.”

ಬಡಿಸಿದೆ. ಮುಂದೆಯೂ ಹಾಗೇ ಬಡಿಸುತ್ತೇನೆ. ಈ ವರ್ಷ ಹಿರಿಯರ ಸಾಲಿಗೆ ಸೇರಿದ ನಿನ್ನ ಎಲೆಗೆ ಮಾತ್ರ ಸ್ವಲ್ಪ ತಡವಾಯಿತು, ಕೋಪ ಮಾಡಿಕೊಳ್ಳಬೇಡ ತಾತ.

ನಿನ್ನ ಮೊಮ್ಮಗಳು